ಹದಿನೇಳನೆಯ ಅಂಕಿಯ ತಟ್ಟೆ

ನನ್ನ ಹೆಂಡತಿ ಪರಾಸ್ಕಾ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಅವಳ ಕೈಯದೊಂದು ತಟ್ಟೆಯಾದರೂ ಮೇಜಿನ ಮೇಲಿರಬೇಕೆಂಬುದು ನನ್ನ ಆಸೆ. ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನೀಲಿ ಹೂ ಬರೆದವಳ ಮನೆಯಲ್ಲಿ ಅವಳು ಬರೆದದ್ದು ಒಂದೂ ಉಳಿದಿರಲಿಲ್ಲ.

ತಪ್ಪು ನನ್ನದೇ. ನಮ್ಮ ಊರು ಹುಟ್ಟಿದ್ದು ಬಿಳಿ ಜೇಡಿಮಣ್ಣಿನಿಂದ. ಜಮೀನ್ದಾರನೊಬ್ಬ ಪಿಂಗಾಣಿ ಸುಡುವ ಮೊದಲ ಗೂಡು ಕಟ್ಟಿಸಿದ. ಸರ್ಕಾರ ಅದನ್ನು ತೆಗೆದುಕೊಂಡು ಹನ್ನೆರಡು ಮಾಡಿತು. ಯುದ್ಧ ಎಲ್ಲವನ್ನೂ ಕೆಡವಿತು. ನಮ್ಮ ತಾಯಂದಿರು ಮತ್ತೆ ಕಟ್ಟಿದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸಂಬಳದ ಬದಲು ತಟ್ಟೆಗಳನ್ನೇ ಕೊಟ್ಟರು. ಊರಿಗೆ ಊರೇ ಅವನ್ನು ಹೊತ್ತು ರೈಲು ನಿಲ್ದಾಣದಲ್ಲಿ ನಿಂತಿತು. ಕೀವ್ ರೈಲು ನಿಲ್ಲುವುದು ನಾಲ್ಕೇ ನಿಮಿಷ. ಅಷ್ಟರಲ್ಲಿ ಕಿಟಕಿಯೊಳಗೆ ತಟ್ಟೆ ತೂರಿಸಿ ಸಕ್ಕರೆಯನ್ನೋ ಹಂದಿಕೊಬ್ಬನ್ನೋ ಈಸಿಕೊಳ್ಳುತ್ತಿದ್ದೆ. ಪರಾಸ್ಕಾ ಬರೆದವೇ ಮೊದಲು ಹೋಗುತ್ತಿದ್ದವು. ದೇವರು ನಮ್ಮನ್ನು ಹಸಿವಿಗೆ ಬಿಡಲಿಲ್ಲ. ಆಮೇಲೆ ಕಾರ್ಖಾನೆಯೂ ಮುಚ್ಚಿತು.

ಊಟಕ್ಕೆ ಬರುವವರು ತಮ್ಮ ತಮ್ಮ ತಟ್ಟೆ ತರಲಿ ಎಂದು ಹೇಳಿಕಳಿಸಿದ್ದೆ. ಪ್ರತಿ ಚಿತ್ರಗಾರ್ತಿಯೂ ತಟ್ಟೆಯ ತಳದಲ್ಲಿ ತನ್ನ ಅಂಕಿ ಹಾಕುತ್ತಿದ್ದಳು, ಪರಾಸ್ಕಾಳದು ಹದಿನೇಳು. ಬಾಗಿಲಲ್ಲಿ ನಿಂತು ಒಂದೊಂದನ್ನೂ ಮಗುಚಿ ನೋಡಿದೆ. ಸಿಗಲಿಲ್ಲ.

ಪಕ್ಕದ ಮನೆಯ ಮೆಲಾನ್ಯ, ಅವಳ ಗಂಡ ಹ್ನಾತ್ ತಡವಾಗಿ ಬಂದರು. ಅಷ್ಟರಲ್ಲಿ ಪಾದ್ರಿ ಯುಖಿಮ್ ಪ್ರಾರ್ಥನೆ ಮುಗಿಸಿದ್ದರು. ಮೆಲಾನ್ಯ ತನ್ನ ತಟ್ಟೆಯನ್ನೇ ಪಾದ್ರಿಯ ಮುಂದಿಟ್ಟಳು. ನಾನು ಅದರ ತುಂಬ ಬೀಟ್‌ರೂಟ್ ಸಾರು ಬಡಿಸಿದೆ. ಆಮೇಲೆ ಅಂಚಿನ ಬಳ್ಳಿ ಕಂಡಿತು, ಪರಾಸ್ಕಾ ಬರೆಯುತ್ತಿದ್ದಂತೆಯೇ ಎಡಕ್ಕೆ ಬಾಗಿದ ಬಳ್ಳಿ. ತಟ್ಟೆಯ ತಳ ನೋಡಲು ನಮ್ಮೂರಿನವರ ಕೈ ಮನಸ್ಸನ್ನು ಕೇಳುವುದಿಲ್ಲ. ತಟ್ಟೆಯೆತ್ತಿ ಮಗುಚಿಬಿಟ್ಟೆ. ಕೆಂಪು ಸಾರೆಲ್ಲ ಪಾದ್ರಿಯ ಮಡಿಲಿಗೆ.

“ಅಯ್ಯೋ ತಿಮಿಶಣ್ಣ, ಸ್ವಾಮಿಗಳಿಗೆ ಸ್ನಾನ ಮಾಡಿಸ್ತಿದೀಯಲ್ಲ,” ಎಂದ ಹ್ನಾತ್.

ಪಾದ್ರಿಯ ತಂದೆಯೂ ಗೂಡಿನ ಕೆಲಸದವನೇ. ಅವರು ಏಳಲಿಲ್ಲ. “ಒರೆಸೋದು ಆಮೇಲಾಯ್ತು. ಅಂಕಿ ಎಷ್ಟಪ್ಪಾ?”

“ಹದಿನೇಳು, ಸ್ವಾಮಿ.”

“ನನ್ನ ಮದುವೆಗೆ ಅವಳೇ ಕೊಟ್ಟಿದ್ದು,” ಎಂದಳು ಮೆಲಾನ್ಯ.

“ನನಗೆ ಕೊಡ್ತೀಯೇನಮ್ಮಾ?” ಎಂದೆ.

“ಕೊಡ್ತೀನಿ. ಗೋಡೆಗೆ ನೇತುಹಾಕಿ ಅಳ್ತಾ ಕೂತ್ರೆ ಮಾತ್ರ ಕಿತ್ಕೊಂಡು ಹೋಗ್ತೀನಿ. ನಲವತ್ತು ದಿನದಿಂದ ಬರೀ ಚಹಾ ಕುಡ್ಕೊಂಡಿದೀಯ, ನಂಗೊತ್ತಿಲ್ವಾ? ಅವಳು ಬರ್ದಿದ್ದು ಉಣ್ಣೋಕೆ.”

“ಉಣ್ಣಪ್ಪಾ,” ಎಂದರು ಪಾದ್ರಿ. “ನನ್ನ ಪಾಲು ನನಗೆ ಬಂದಾಯ್ತು.”

ಮೇಜಿನ ಸುತ್ತ ಎಲ್ಲರೂ ನಕ್ಕರು, ನಾನೂ ನಕ್ಕೆ. ತಟ್ಟೆ ತೊಳೆದು, ಶಿಲುಬೆಯ ಗುರುತು ಹಾಕಿಕೊಂಡು, ಸಾರು ಬಡಿಸಿಕೊಂಡೆ. ಅರ್ಧ ಉಂಡಾಗ ತಳದಿಂದ ಮೊದಲ ನೀಲಿ ಎಸಳು ಮೇಲೆದ್ದಿತು. ಮೆಲಾನ್ಯ ಸೌಟು ಹಿಡಿದು ಬಂದಳು. ತಟ್ಟೆಗೆ ಕೈ ಅಡ್ಡ ಹಿಡಿದೆ.

“ಇರು ತಾಯಿ, ಹೂ ಪೂರ್ತಿ ಕಾಣಲಿ. ಆಮೇಲೆ ಬಡಿಸು.”