ಕ್ಲಾರಿಸ್ ಅಜ್ಜಿಯ ಜಾಗ

ಹಾರೆ ಠಣ್ಣೆಂದು ಪುಟಿಯಿತು. ಎಮರಿಯ ತಮ್ಮ ವೆಂಡೆಲ್ ಅಂಗೈ ಕೊಡವಿಕೊಂಡ.

"ಕಲ್ಲಾ?" ನೆಟ್ಟಿ ಕೇಳಿದಳು.

"ಕಲ್ಲಲ್ಲ ಅತ್ತಿಗೆ, ಮಣ್ಣೇ. ಬೆಳಗ್ಗೆಯಿಂದ ಒಂದು ಗೇಣೂ ಇಳಿದಿಲ್ಲ. ಯಂತ್ರ ತರೋಣ ಅಂದ್ರೆ ಈ ಗುಡ್ಡ ಹತ್ತಲ್ಲ."

ಅಮೆರಿಕದ ವರ್ಮಾಂಟಿನಲ್ಲಿ ಆ ವರ್ಷ ಹಿಮ ಬೀಳುವ ಮೊದಲೇ ನೆಲ ಹೆಪ್ಪುಗಟ್ಟಿತ್ತು. ಮರುದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮನೆಮನೆಯಲ್ಲೂ ಕುಂಬಳಕಾಯಿ ಪೈ ಬೇಯಬೇಕಾದ ಹೊತ್ತಿನಲ್ಲಿ ಊರೆಲ್ಲ ಸ್ಮಶಾನದಲ್ಲಿ ಎಮರಿಯ ಶವಪೆಟ್ಟಿಗೆಯ ಸುತ್ತ ನಿಂತಿತ್ತು. ನಲವತ್ತು ವರ್ಷ ಊರಿಗೆಲ್ಲ ಗುಂಡಿ ತೋಡಿದವನಿಗೆ ಈಗ ಗುಂಡಿಯಿಲ್ಲ.

"ನೆಲ ಕರಗೋವರೆಗೆ ಗೇಟಿನ ಪಕ್ಕದ ಕಲ್ಲಿನ ಕೋಣೇಲಿ ಇಡೋಣಮ್ಮ," ಎಂದರು ಪಾದ್ರಿ. "ಏಪ್ರಿಲ್ ಬಂದ ಕೂಡಲೇ..."

"ಆ ಕೋಣೆ ಒಂದು ಬೇಡ ಫಾದರ್. ನಿಮಗೆ ಕೈ ಮುಗೀತೀನಿ," ನೆಟ್ಟಿ ಅಂಗಲಾಚಿದಳು.

* * *

ಎಮರಿ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಮೂರು ವರ್ಷದ ಒಂದು ಮಗುವಿನ ಶವವನ್ನು ಆ ಕೋಣೆಯಲ್ಲಿಟ್ಟು ಬೀಗ ಹಾಕಿದ್ದ. ತಾಯಿ ದಿನವೂ ಬಂದು ಬಾಗಿಲಿಗೆ ಕೆನ್ನೆಯಾನಿಸಿ ನಿಲ್ಲುತ್ತಿದ್ದಳು, ಏಪ್ರಿಲ್‌ವರೆಗೂ.

"ಇನ್ಯಾರನ್ನೂ ಕಾಯಿಸಲ್ಲ ನೆಟ್ಟಿ," ಎಂದು ಒಂದು ರಾತ್ರಿ ಊಟ ಬಿಟ್ಟೆದ್ದ.

ಮರುವರ್ಷದಿಂದ ಶರತ್ಕಾಲ ಮುಗಿಯುತ್ತಲೇ ಊರಿನ ಮೇಪಲ್ ಎಲೆಗಳನ್ನೆಲ್ಲ ಗುಡಿಸಿ ತಂದು, ಹಾಸಿಗೆ ಹಿಡಿದವರಿಗಾಗಿ ಸ್ಮಶಾನದಲ್ಲಿ ಕಾದಿರಿಸಿದ ಜಾಗದ ಮೇಲೆ ಎದೆಯೆತ್ತರ ಒಟ್ಟುತ್ತಿದ್ದ. ಅಡಿಯ ಮಣ್ಣು ಹೆಪ್ಪುಗಟ್ಟದಿರಲಿ ಎಂದು. "ಎಮರಿ ಎಲೆ ಹಾಕಿದನೋ, ಉಯಿಲು ಬರೆದಿಡು," ಎಂದು ಊರು ನಗುತ್ತಿತ್ತು. ತನ್ನ ಜಾಗಕ್ಕೆ ಮಾತ್ರ ಅವನು ಹಾಕಿಕೊಂಡಿರಲಿಲ್ಲ. ಹೃದಯಾಘಾತ ಹೇಳಿಕೇಳಿ ಬರುತ್ತದೆಯೇ!

* * *

ಈ ವರ್ಷ ಗುಡ್ಡದ ಮೇಲೆ ಒಂದೇ ಎಲೆರಾಶಿ. ಅದು ತೊಂಬತ್ತೊಂದರ ಕ್ಲಾರಿಸ್ ಅಜ್ಜಿಯದು. ಬೇಸಗೆಯಲ್ಲಿ ಹಾಸಿಗೆ ಹಿಡಿದು, ಹಟದಿಂದ ಎದ್ದು ಕೂತವಳು. ರಾಶಿ ಕಂಡ ದಿನದಿಂದ ಎಮರಿಯ ಜೊತೆ ಮಾತು ಬಿಟ್ಟಿದ್ದಳು. ಈಗ ಕೋಲೂರಿಕೊಂಡು ಮುಂದೆ ಬಂದಳು.

"ವೆಂಡೆಲ್, ಆ ಕಸ ಸರಿಸೋ. ಅಲ್ಲಿ ಅಗಿ."

"ಅದು ನಿಮ್ಮ ಜಾಗ ಅಜ್ಜಿ!"

"ಗೊತ್ತು ಕಣೋ, ನನ್ನ ಗಂಡನ ಪಕ್ಕದ್ದು. ಮೀನು ಹಿಡಿದ ಸುಳ್ಳೆಲ್ಲ ಇಬ್ಬರೂ ಹೇಳ್ಕೊಂಡಿರಲಿ. ನಾನಂತೂ ಈ ಚಳಿಗಾಲಕ್ಕೆ ಹೋಗಲ್ಲ."

"ಹೋದ್ರೆ?" ನೆಟ್ಟಿಯ ದನಿ ಒಡೆಯಿತು. "ನಿಮ್ಮನ್ನ ಆ ಕೋಣೇಲಿ ಇಡ್ಬೇಕಾಗುತ್ತೆ ಅಜ್ಜಿ."

"ಇಡಿ. ನನ್ನ ಬಾಗಿಲಿಗೆ ಬಂದು ನಿಲ್ಲೋರು ಯಾರೂ ಉಳಿದಿಲ್ಲ. ಎಮರಿಯನ್ನ ಇಟ್ರೆ ನೀನು ನಿಲ್ತೀಯಲ್ಲ ಮಗಳೇ, ಅದು ಆಗಬಾರದು."

ನೆಟ್ಟಿ ಅಜ್ಜಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ನಾಲ್ಕು ಜನ ಸೇರಿ ರಾಶಿ ಸರಿಸಿದರು. ಮೇಲಿನ ಎಲೆಗಳು ಗರಿಗರಿ, ಒಳಗಿನವು ಒದ್ದೆ, ಕಪ್ಪು. ಕೊನೆಯ ಪದರ ಎತ್ತಿದಾಗ ನೆಲದಿಂದ ತೆಳ್ಳಗೆ ಹಬೆ ಎದ್ದಿತು. ಯಾರೂ ಹೇಳದೆಯೇ ಗಂಡಸರೆಲ್ಲ ಟೋಪಿ ತೆಗೆದರು.

ವೆಂಡೆಲ್ ಗುದ್ದಲಿ ಎತ್ತಿದವನು ತಡೆದು ನಿಂತ. ನೆಟ್ಟಿ ಮೊಣಕಾಲೂರಿ ಬರಿಗೈಯನ್ನು ಮಣ್ಣಿನ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಕೈ ಮಣಿಕಟ್ಟಿನವರೆಗೂ ಇಳಿಯಿತು.