ಹದಿಮೂರನೇ ಮೆಟ್ಟಿಲಿನ ಸುದ್ದಿ

ಪಂಡಿತ ಎಂಬ ಆ ಪ್ರಾಣಿಯನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಕಂಡ ದಿನ ಕೆನ್ನೆಗೆರಡು ಬಾರಿಸುವುದು ಖಂಡಿತ. ನಾವೆಲ್ಲ ನೋಡುವ ಧಾರಾವಾಹಿಯ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಅವನು ಇಟ್ಟುಕೊಂಡ ಹೆಸರು ಅದು. ಹನ್ನೊಂದು ಸಾವಿರ ಜನರ ಆ ಗುಂಪಿಗೆ ನಾನೇ ಅಡ್ಮಿನ್. ಹಗಲೆಲ್ಲ ಔಷಧದ ಅಂಗಡಿಯಲ್ಲಿ ನಿಂತು ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಓದುತ್ತೇನೆ. ಗಿರಾಕಿ ಇಲ್ಲದಾಗ ಗುಂಪು ಕಾಯುತ್ತೇನೆ.

ಒಳಗಿನ ಸುದ್ದಿ ಹಂಚುವುದಕ್ಕೆ ನಾಲ್ಕು ನಿಯಮ ಬರೆದು ಗುಂಪಿನ ನೆತ್ತಿಗೆ ಅಂಟಿಸಿದವಳೂ ನಾನೇ. ಗಾಳಿಸುದ್ದಿಯನ್ನು ಗಾಳಿಸುದ್ದಿ ಎಂದೇ ಹೇಳಬೇಕು. ಯಾರು ಹೇಳಿದರೆಂದು ಕೇಳಬಾರದು. ಒಬ್ಬರಿಗಷ್ಟೇ ಗೊತ್ತಿರಬಹುದಾದ ವಿವರ ಹಾಕಬಾರದು. ನಾಲ್ಕನೆಯದನ್ನು ಬರೆದ ದಿನ ನನ್ನ ಜಂಭ ಕೇಳಬೇಡಿ: ಸುದ್ದಿ ಹಾಕಿದವರು ಆಮೇಲೆ ಸುಳ್ಳೆಂದು ಹಿಂತೆಗೆದುಕೊಂಡರೆ ಅದು ನಿಜವೆಂದೇ ತಿಳಿಯಿರಿ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸುಮ್ಮನೆ ಅಲ್ಲ.

ಸುದ್ದಿ ನನಗೆ ಬರುತ್ತಿದ್ದುದು ಭಾವನಿಂದ. ಅಕ್ಕನ ಮನೆಯಲ್ಲೇ ನನ್ನ ವಾಸ. ಭಾವ ಅದೇ ಧಾರಾವಾಹಿಯ ಸೆಟ್ಟಿನಲ್ಲಿ ಬಡಗಿ. ಒಂದು ದಿನ ಊಟಕ್ಕೆ ಕೂತಾಗ ಹೇಳಿದರು.

"ನಿನ್ನ ನಾಯಕಿ ಕಥೆ ಮುಗೀತು ಕಣಮ್ಮ. ಮುಂದಿನ ವಾರ ಮೆಟ್ಟಿಲಿಂದ ಬಿದ್ದು ಸಾಯ್ತಾಳೆ. ಹದಿಮೂರನೇ ಮೆಟ್ಟಿಲಿನ ಹಲಗೆ ಕೆಳಗೆ ಕೀಲು ಕೂರಿಸಿದೀನಿ, ಕಾಲಿಟ್ರೆ ಮಗುಚ್ಕೊಳ್ಳುತ್ತೆ. ನಂಗೂ ನಿರ್ದೇಶಕರಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಬಾಯಿ ಬಿಟ್ಟೀಯ, ಹುಷಾರು!"

"ಅಯ್ಯೋ ಭಾವ, ನನ್ನ ಬಾಯಿಗೆ ಬೀಗ," ಎಂದೆ. ಮರುದಿನವೇ ಗುಂಪಿನಲ್ಲಿ ಬರೆದೆ: ಗಾಳಿಸುದ್ದಿ, ನಾಯಕಿ ಸಾಯಬಹುದು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರ ಮನೆಯೂ ಹಾಳಾಗುತ್ತಿರಲಿಲ್ಲ.

ಪಂಡಿತ ಬಂದ. "ಇಷ್ಟನ್ನ ನಮ್ಮಜ್ಜಿನೂ ಹೇಳ್ತಾರೆ. ಮಾತ್ರೆ ಮಾರೋರಿಗೆ ಸೆಟ್ಟಿನ ಸುದ್ದಿ ಯಾರು ತಂದ್ಕೊಡ್ತಾರೆ? ಕೆಮ್ಮಿನ ಔಷಧಿ ಕುಡಿದು ಬರೆದ್ರಾ?"

ಮುನ್ನೂರು ಜನ ಹಲ್ಲು ಕಿರಿದರು. ನನಗೆ ಪಿತ್ತ ನೆತ್ತಿಗೇರಿತು. ಎದುರಿಗೆ ನಿಂತಿದ್ದ ಗಿರಾಕಿಗೆ "ಒಂದ್ನಿಮಿಷ ತಡೀರಿ" ಎಂದು ಗದರಿ, ಹದಿಮೂರನೇ ಮೆಟ್ಟಿಲು, ಹಲಗೆ, ಕೀಲು, ಒಂದೂ ಬಿಡದೆ ಕಕ್ಕಿಬಿಟ್ಟೆ. ಬೇಲಿಯೇ ಎದ್ದು ಹೊಲ ಮೇಯಿತು. ಗುಂಪು ನನ್ನನ್ನು ಹೊತ್ತು ಕುಣಿಯಿತು. ಸಂಜೆಯವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಅಂಗಡಿಗೇ ನುಗ್ಗಿದಳು. ತಲೆ ಬಾಚಿರಲಿಲ್ಲ.

"ಏನೇ ಮಾಡಿದ್ದೀಯ? ಗೊತ್ತಿದ್ದೋರು ಇಬ್ರೇ. ನಿರ್ದೇಶಕರು ತಾವೇ ಹೇಳ್ಕೊಂಡು ತಿರುಗ್ತಾರಾ? ಇವರನ್ನ ಎಲ್ಲರ ಮುಂದೆ ನಿಲ್ಲಿಸಿ ಉಗಿದ್ರಂತೆ. ನಾಳೆ ಹತ್ತು ಗಂಟೆಯೊಳಗೆ ಆ ಮಾತು ಅಲ್ಲೇ ಸಾಯ್ಬೇಕಂತೆ. ಇಲ್ಲಾಂದ್ರೆ ಕೆಲಸ ಬಿಟ್ಟು ಹೋಗು ಅಂದಿದ್ದಾರೆ."

ಅವಳೆದುರೇ ಬರೆದೆ: 'ಮೆಟ್ಟಿಲಿನ ಸುದ್ದಿ ಸುಳ್ಳು. ಜಂಭಕ್ಕೆ ನಾನೇ ಹುಟ್ಟಿಸಿದ್ದು. ಕ್ಷಮಿಸಿ.' ಪಂಡಿತನ ಮುಂದೆ ಮೂಗು ಕೊಯ್ದುಕೊಂಡಷ್ಟು ಉರಿಯಿತು, ಆದರೂ ಬರೆದೆ.

ಎರಡೇ ನಿಮಿಷ. ಪಂಡಿತ ನನ್ನ ನಾಲ್ಕನೇ ನಿಯಮವನ್ನು ಅಕ್ಷರ ಬಿಡದೆ ತಂದು ಕೆಳಗೆ ಹಾಕಿದ. "ಅಡ್ಮಿನ್ ಮೇಡಂ, ನಿಮ್ಮನ್ನ ಅನುಮಾನಿಸಿದ್ದಕ್ಕೆ ನಾನೇ ಕ್ಷಮೆ ಕೇಳ್ತೀನಿ. ಹಿಂತೆಗೆದುಕೊಂಡ್ರು ಅಂದ್ರೆ ಸುದ್ದಿ ಪಕ್ಕಾ!" ಜನ್ಮದಲ್ಲಿ ಮೊದಲ ಸಲ ಅವನು ಮರ್ಯಾದೆ ಕೊಟ್ಟಿದ್ದ. ನಾನು ಆ ನಿಯಮವನ್ನೇ ಅಳಿಸಿದೆ. "ನಿಯಮಾನೂ ಅಳಿಸಿದ್ರು, ಇನ್ನೂ ಪಕ್ಕಾ!" ಎಂದು ಬೇರೆ ಗುಂಪುಗಳಿಗೂ ಹಂಚಿದರು. ಬೇಡಿಕೊಂಡೆ, ಬೈದೆ, ನಲವತ್ತು ಜನರನ್ನು ಹೊರಗೆ ಹಾಕಿದೆ. ಹೊರಬಿದ್ದವರೆಲ್ಲ ಅದನ್ನೇ ಸಾಕ್ಷಿ ಎಂದರು.

ಮರುದಿನ ಭಾವ ಹನ್ನೊಂದು ಗಂಟೆಗೇ ಉಳಿ, ಗರಗಸದ ಚೀಲ ಹೊತ್ತು ಮನೆಗೆ ಬಂದರು.

"ಇನ್ಮೇಲೆ ನಾನು ಊಟಕ್ಕೆ ಕೂತ ಕಡೆ ನೀನು ಕೂರಬೇಡ," ಎಂದಷ್ಟೇ ಹೇಳಿ ಒಳಗೆ ಹೋದರು.

ಅಕ್ಕ ಬಿಡಲಿಲ್ಲ. "ನಿನ್ನ ಗುಂಪಲ್ಲಿ ಎಷ್ಟು ಜನ ಇದ್ದಾರೆ ಅಂದೆ?"

"ಹನ್ನೊಂದು ಸಾವಿರ."

"ಅದರಲ್ಲಿ ಒಬ್ಬರು ಇವರಿಗೆ ಕೆಲಸ ಕೊಡ್ತಾರೇನೇ, ಕೇಳಿ ನೋಡು."

ಮುಂದಿನ ವಾರ ಧಾರಾವಾಹಿಯಲ್ಲಿ ನಾಯಕಿ ಮೆಟ್ಟಿಲಿಳಿದು ಬಂದಳು. ಹನ್ನೊಂದು, ಹನ್ನೆರಡು, ಹದಿಮೂರು ಎಂದು ನಾನು ಎಣಿಸಿದೆ. ಅವಳು ಆರಾಮಾಗಿ ಇಳಿದು ಬಾಗಿಲು ದಾಟಿ ಹೋದಳು. ಕಥೆಯನ್ನೇ ಬದಲಾಯಿಸಿದ್ದರು, ಕೀಲು ಕಿತ್ತು ಹಲಗೆ ಬಿಗಿ ಮಾಡಿದವನು ಹೊಸ ಬಡಗಿ.

ಫೋನು ಗುಂಯ್‌ಗುಟ್ಟಿತು. ಪಂಡಿತ ಬರೆದಿದ್ದ: "ಪಾಪ, ಮೇಡಂ ಮೊದಲೇ ಸುಳ್ಳು ಅಂತ ಹೇಳಿದ್ರು. ನಾವೇ ನಂಬಲಿಲ್ಲ."

ಅಕ್ಕನಿಗೆ ತೋರಿಸಿದೆ. "ನೋಡು, ಈಗ ನಂಬಿದ್ರು."

ಅವಳು ಫೋನಿನತ್ತ ತಿರುಗಲೂ ಇಲ್ಲ. "ಹೋಗು, ನಿನ್ನ ಭಾವ ಒಳಗೆ ಮಲಗಿದ್ದಾರೆ. ಎಬ್ಬಿಸಿ ಹೇಳು," ಎಂದಳು.