ಸಂಗನಬಸಪ್ಪನವರ ಪುಸ್ತಕದ ಕಪಾಟು

ನಾನೊಂದು ಸಾಗವಾನಿ ಕಪಾಟು. ಹಳೇ ವಾಡೆಯೊಂದರ ತೊಲೆ ಸೀಳಿ ಬಾಗಲಕೋಟೆಯ ಬಡಿಗೇರ ಮೋನಪ್ಪ ನನ್ನನ್ನು ಮಾಡಿದ. ಮಾಡಿಸಿದವರು ನೂಲಿನ ಬಣ್ಣದ ವ್ಯಾಪಾರಿ ಸಂಗನಬಸಪ್ಪನವರು. ಬಂಗಾರ ಇಡಲು ಕಪಾಟು ಮಾಡಿಸುವವರ ಓಣಿಯಲ್ಲಿ ಅವರು ಪುಸ್ತಕ ಇಡಲು ಮಾಡಿಸಿದರು. ವಚನ, ಪುರಾಣ, ಕಾದಂಬರಿ, ಬಯಲಾಟದ ಪದಗಳು, ಸಿಕ್ಕಿದ್ದೆಲ್ಲ ನನ್ನೊಳಗೆ ಸೇರಿತು. ಸಂಜೆಯಾದರೆ ಪಡಸಾಲೆಗೆ ಓಣಿಯ ಜನ ಬರುತ್ತಿದ್ದರು. ಬಲ್ಲವರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು.

ಸೊಸೆ ನೀಲವ್ವ ಈ ಮನೆಗೆ ಬಂದಾಗ ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ನನ್ನ ಗಾಜು ಒರೆಸುವಾಗ ಪುಸ್ತಕಗಳ ಮೇಲೆ ಬೆರಳಾಡಿಸುತ್ತಿದ್ದುದನ್ನು ಮಾವ ಕಂಡರು. ಬೈಯಲಿಲ್ಲ, ಕೂರಿಸಿಕೊಂಡು ಕಲಿಸಿದರು. ಮುಂದೆ ಅವರ ಕಣ್ಣು ಮಂಜಾದಾಗ ಅವಳೇ ಓದಿ ಹೇಳತೊಡಗಿದಳು.

ಆಮೇಲೆ ಅಣೆಕಟ್ಟಿನ ಹಿನ್ನೀರು ಬರುವ ಸುದ್ದಿ ಬಂತು. ಓಣಿ ಮುಳುಗುವುದಿತ್ತು. ಒಬ್ಬೊಬ್ಬರಿಗೆ ಒಂದೊಂದು ಕಡೆ ಜಾಗ ಸಿಕ್ಕಿತು.

"ಅಪ್ಪಾ, ಹೊಸಾ ಮನಿ ಸಣ್ಣದೈತಿ. ಇಷ್ಟು ಪುಸ್ತಕ ಎಲ್ಲಿಡೂದು? ರದ್ದಿಗೆ ಹಾಕೂಣು," ಎಂದ ಮಗ ಈರಣ್ಣ.

ಮುದುಕರು ಸೊಸೆಯ ಕಡೆ ತಿರುಗಿದರು. "ನೀಲವ್ವಾ, ಓಣಿ ಮಂದೀನ್ನ ಕರಿ. ಬೇಕಾದ್ದು ಒಯ್ಲಿ. ತಿರುಗಿ ತರೂದು ಬ್ಯಾಡ ಅಂತ ಹೇಳು," ಎಂದರು.

ಜನ ಬಂದರು. ನೀಲವ್ವ ಒಂದೊಂದೇ ತೆಗೆದು ಕೈಗಿಟ್ಟಳು. ತನಗೊಂದು ಬೇಕೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಎಲ್ಲರೂ ಹೋದ ಮೇಲೆ ಮಾವ ನನ್ನ ಬರಿದಾದ ಹಲಗೆಗಳನ್ನು ಕೈಯಿಂದ ತಡವಿ ನೋಡಿದರು. ನನ್ನನ್ನೂ ಹೊಸ ಮನೆಗೆ ಸಾಗಿಸಿದರು. ಅಲ್ಲಿ ಮಾವ ಬಹಳ ದಿನ ಬಾಳಲಿಲ್ಲ.

ಮಾವ ತೀರಿದ ಮೇಲೆ ಮಾತಾಡಿಸಲು ಬಂದ ಹಳೇ ಓಣಿಯ ಮಹಬೂಬಿ ಸೆರಗಿನಲ್ಲಿ ಪುಸ್ತಕವೊಂದನ್ನು ಸುತ್ತಿ ತಂದಿದ್ದಳು.

"ನನಗ ಓದಾಕ ಬರಂಗಿಲ್ಲ, ನೀಲಕ್ಕಾ. ನಿಮ್ಮ ಪಡಸಾಲ್ಯಾಗ ಕೇಳಿದ್ದು ಅಂತ ಒಯ್ದಿದ್ದೆ. ಒಂಚೂರು ಓದು, ಕೇಳತೇನಿ."

ನೀಲವ್ವ ಓದಿದಳು. ಪುಟ ತಿರುವುವಷ್ಟರಲ್ಲಿ ಅಕ್ಷರಗಳು ಮಂಜಾದವು. ಮಹಬೂಬಿ ಅವಸರ ಮಾಡಲಿಲ್ಲ, ಹತ್ತಿರ ಸರಿದು ಕೂತಳು. ಕಣ್ಣೊರೆಸಿಕೊಂಡು ನೀಲವ್ವ ಮತ್ತೆ ಸಾಲು ಹಿಡಿದಳು. ಮುಗಿದ ಮೇಲೆ ಪುಸ್ತಕವನ್ನು ಅವಳ ಕೈಗೇ ಕೊಟ್ಟಳು: "ನಿಮ್ಮ ಮನ್ಯಾಗ ಇರ್ಲಿ. ಮತ್ತ ಬಾ."

ಮಹಬೂಬಿಯ ಮನೆ ದೂರ. ಆಕೆ ಮತ್ತೆ ಬಂದದ್ದನ್ನು ನಾನು ಕಂಡಿಲ್ಲ.

ಈಗ ನಾನು ಅಡುಗೆಮನೆಯ ಮೂಲೆಯಲ್ಲಿದ್ದೇನೆ. ನನ್ನೊಳಗೆ ಬೇಳೆ, ಬೆಲ್ಲ, ಉಪ್ಪಿನ ಡಬ್ಬಿಗಳಿವೆ. ಬೇಳೆ ತೀರಿದರೆ ಸಂತೆಯಿಂದ ಬರುತ್ತದೆ. ಓಣಿಯನ್ನು ಯಾವ ಸಂತೆಯಿಂದ ತರುವುದು?